ಇಪ್ಪತ್ತಾರನೆಯವರು

ಮೂವತ್ತೊಂದು ವರ್ಷ ಶಿಶುವಿಹಾರದಲ್ಲಿ ಆಯಾ ಆಗಿದ್ದವಳಿಗೆ ಒಂದು ಚಾಳಿ ಅಂಟಿಕೊಂಡಿತ್ತು. ನಾಲ್ಕು ಜನ ಸೇರಿದ ಕಡೆಯೆಲ್ಲ ತಲೆ ಎಣಿಸುತ್ತಿದ್ದಳು. ಬ್ಯಾಂಕಿನ ಸಾಲಿನಲ್ಲಿ, ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ, ಎಲ್ಲೆಂದರಲ್ಲಿ. ತಂಗಿ ಅವಳನ್ನು ‘ಎಣಿಕೆಯಮ್ಮ’ ಎಂದು ರೇಗಿಸುತ್ತಿದ್ದಳು. ಅದು ಶುರುವಾದ ಬಗೆ ತಂಗಿಗೂ ಪೂರ್ತಿ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷದ ಬೇಸಿಗೆಯಲ್ಲಿ ಮಗುವೊಂದು ಶಾಲೆಯ ವ್ಯಾನಿನ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿತ್ತು. ಎಲ್ಲರೂ ಇಳಿದರೆಂದು ಬಾಗಿಲು ಹಾಕಿದವಳು ಇವಳೇ, ಎರಡು ಗಂಟೆ ಬಿಟ್ಟು ತೆಗೆದವಳೂ ಇವಳೇ. ಮಗುವೇನೋ ಉಳಿಯಿತು. ಬಾಗಿಲು ತೆಗೆದಾಗ ಮುಖಕ್ಕೆ ಬಡಿದ ಆ ಬಿಸಿಗಾಳಿ ಇವಳನ್ನು ಬಿಡಲಿಲ್ಲ.

ನಿವೃತ್ತಿಯಾದ ಮೇಲೆ ತಂಗಿಯ ಬಲವಂತಕ್ಕೆ ಮಣಿದು, ಬದುಕಿನಲ್ಲಿ ಮೊದಲ ಸಲ ವಿಮಾನ ಹತ್ತಿ ವಿದೇಶ ಪ್ರವಾಸಕ್ಕೆ ಬಂದಿದ್ದಳು. ಒಂಬತ್ತು ದಿನ, ಒಂದೇ ಬಸ್ಸು, ಇಪ್ಪತ್ತಾರು ಜನ ಪ್ರವಾಸಿಗರು.

ಒಂಬತ್ತನೆಯ ದಿನ ಬೆಳಗಿನಿಂದಲೇ ಕಾಲಿಗೆ ಚಕ್ರ ಕಟ್ಟಿದಂತಾಗಿತ್ತು. ಸಂಜೆ ಏಳಕ್ಕೆ ವಿಮಾನ. ಅಷ್ಟರೊಳಗೆ ಪೇಟೆ ನೋಡಬೇಕು, ವಸ್ತುಸಂಗ್ರಹಾಲಯ ನೋಡಬೇಕು, ಮಳೆಯಿಂದಾಗಿ ಮೊನ್ನೆ ತಪ್ಪಿಹೋಗಿದ್ದ ಗುಹೆಯನ್ನೂ ನೋಡಿ ಮುಗಿಸಬೇಕು. ಗೈಡ್ ತರುಣ ಗಡಿಯಾರ ತೋರಿಸಿ ತೋರಿಸಿ ಎಲ್ಲರನ್ನೂ ಓಡಿಸುತ್ತಿದ್ದ.

“ಇದೇನು ರಜಾನೋ ಸಜಾನೋ!” ಎಂದು ತಂಗಿ ಏದುಸಿರು ಬಿಟ್ಟಳು.

ಗುಹೆಯೆಂದರೆ ನೆಲದಡಿಗೆ ಇಳಿಯುವ ನೂರ ನಲವತ್ತು ಮೆಟ್ಟಿಲು, ತಳದಲ್ಲಿ ಕಪ್ಪು ನೀರಿನ ಕೆರೆ, ತಂತಿಗೆ ತೂಗುಬಿಟ್ಟ ಬಲ್ಬುಗಳು. ಬಾಗಿಲಿನಲ್ಲೇ ಕಾವಲುಗಾರ ಹರಕು ಇಂಗ್ಲಿಷಿನಲ್ಲಿ ಎಚ್ಚರಿಸಿದ್ದ: “ಮೂರು ಗಂಟೆಗೆ ಸರಿಯಾಗಿ ಲೈಟ್ ಆರಿಸಿಬಿಡ್ತೀನಿ. ನಾಳೆಯಿಂದ ನಾಲ್ಕು ದಿನ ರಿಪೇರಿಗೆ ಅಂತ ಬಾಗಿಲೇ ತೆಗೆಯಲ್ಲ.” ಕೆಳಗೆ ಇಪ್ಪತ್ತು ನಿಮಿಷವೂ ನಿಲ್ಲಲಾಗಲಿಲ್ಲ. ಗೈಡ್ ಚಪ್ಪಾಳೆ ತಟ್ಟಿದ. ಒಬ್ಬರ ಬೆನ್ನಿಗೊಬ್ಬರು ಮೆಟ್ಟಿಲು ಹತ್ತಿ ಬಂದು, ಬಸ್ಸಿನಲ್ಲಿ ದೊಪ್ಪನೆ ಕುಳಿತರು. ಬಸ್ಸು ಹೊರಟಿತು.

ಉಸಿರು ಹತೋಟಿಗೆ ಬರಲು ಅವಳಿಗೆ ಕಾಲು ಗಂಟೆ ಹಿಡಿಯಿತು. ಆಮೇಲೆ ಹಿಂದೆ ತಿರುಗಿ ಎಣಿಸಿದಳು. ಇಪ್ಪತ್ತೈದು. ತಂಗಿಯನ್ನು ಬಿಟ್ಟಿರಬೇಕೆಂದು ಮತ್ತೆ ಎಣಿಸಿದಳು. ಇಪ್ಪತ್ತೈದೇ.

ಕಡೆಯ ಸೀಟು ಖಾಲಿ ಇತ್ತು. ಅಲ್ಲಿ ಬೂದು ಬಣ್ಣದ ಟೋಪಿಯವರು ಕೂರುತ್ತಿದ್ದರು. ಒಂಟಿಯಾಗಿ ಬಂದಿದ್ದ, ಯಾರೊಂದಿಗೂ ಸೇರದ ಸಿಡುಕು ಮುಖದ ಮುದುಕ. ಒಂಬತ್ತು ದಿನದಲ್ಲಿ ಅವರ ಹೆಸರನ್ನು ಯಾರೂ ಕೇಳಿರಲಿಲ್ಲ.

ಅವಳು ಗೈಡ್ ಹತ್ತಿರ ಹೋದಳು. “ಟೋಪಿಯವರು ಬಂದಿಲ್ಲಪ್ಪ.”

“ಅವರಾ? ಬೆಳಿಗ್ಗೆ ನನ್ ಜೊತೆ ಜಗಳ ಆಡಿದ್ರು. ‘ನಿಮ್ಮ ಸಹವಾಸ ಸಾಕು, ಟ್ಯಾಕ್ಸಿ ಮಾಡ್ಕೊಂಡು ಹೋಗ್ತೀನಿ’ ಅಂದ್ರು. ಹಂಗೇ ಹೋಗಿರ್ತಾರೆ ಬಿಡಿ ಅಮ್ಮಾ.”

“ಹೋಗಿದ್ದನ್ನ ನೀನು ಕಣ್ಣಾರೆ ನೋಡಿದ್ಯಾ?”

ಅವನು ಫೋನಿಗೆ ತಲೆ ಬಗ್ಗಿಸಿದ. ಅವಳು ಕಡೆಯ ಸೀಟಿಗೆ ಹೋಗಿ ತಡಕಿದಳು. ಮೇಲಿನ ಸಾಮಾನು ಹಲಗೆಯಲ್ಲಿ ಅವರ ಚರ್ಮದ ಬ್ಯಾಗಿತ್ತು. ಪಕ್ಕದ ಜೇಬಿನಲ್ಲಿ ಪಾಸ್‌ಪೋರ್ಟು, ಅರ್ಧ ಖಾಲಿಯಾದ ಮಾತ್ರೆ ಹಾಳೆ. ಪಾಸ್‌ಪೋರ್ಟ್ ಬಿಟ್ಟು ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಹಿಡಿಯುವವರುಂಟೆ?

“ಬಸ್ಸು ತಿರುಗಿಸಿ!”

ಬಸ್ಸಿನ ತುಂಬ ಗದ್ದಲ ಎದ್ದಿತು. ತಿರುಗಿಸಿದರೆ ಎಲ್ಲರಿಗೂ ವಿಮಾನ ತಪ್ಪುತ್ತದೆ ಎಂದರು. ಸಣ್ಣ ಮಕ್ಕಳಿದ್ದಾರೆ ಎಂದರು. ಆ ಮನುಷ್ಯನನ್ನು ಗುಹೆಯ ಹೊರಗೆ ನೋಡಿದೆ ಎಂದು ಒಬ್ಬಾಕೆ ಹೇಳಿದಳು; ಹೋಗುವಾಗಲೋ ಬರುವಾಗಲೋ ಎಂದರೆ ತಡವರಿಸಿದಳು. ಗೈಡ್ ಗುಹೆಯ ಕಚೇರಿಗೆ ಮೂರು ಸಲ ಫೋನ್ ಮಾಡಿದ. ಯಾರೂ ಎತ್ತಲಿಲ್ಲ. ಅವನ ಮುಖವೂ ಈಗ ಬಿಳುಚಿತ್ತು, ಆದರೂ “ನಿಲ್ದಾಣಕ್ಕೆ ಹೋಗಿ ಪೊಲೀಸರಿಗೆ ಹೇಳೋಣ” ಎನ್ನುತ್ತಲೇ ಇದ್ದ.

“ಅಷ್ಟೊತ್ತಿಗೆ ಕಾವಲುಗಾರ ಬೀಗ ಹಾಕ್ಕೊಂಡು ಮನೆಗೆ ಹೋಗಿರ್ತಾನೆ,” ಎಂದಳು ಅವಳು. “ನನ್ನ ಇಳಿಸಿ.”

ತಂಗಿ ಅವಳ ಸೆರಗು ಹಿಡಿದೆಳೆದಳು. “ಅಕ್ಕಾ, ನಿಂಗೆ ತಲೆ ಕೆಟ್ಟಿದೆಯಾ? ಯಾರೋ ಏನೋ! ಭಾಷೆ ಬರಲ್ಲ, ದಾರಿ ಗೊತ್ತಿಲ್ಲ. ನಾನಂತೂ ಇಳಿಯಲ್ಲ, ನೋಡು.”

“ಇಳೀಬೇಡ. ನೀನು ಹೋಗು.”

ಪೆಟ್ರೋಲ್ ಬಂಕಿನ ಬಳಿ ಡ್ರೈವರ್ ಬಸ್ಸು ನಿಲ್ಲಿಸಿದ. ತರಕಾರಿ ಇಳಿಸಿ ವಾಪಸಾಗುತ್ತಿದ್ದ ಸಣ್ಣ ಲಾರಿಯವನಿಗೆ ತಾನೇ ವಿಷಯ ಹೇಳಿ, ಅವಳ ಚೀಲ, ಟೋಪಿಯವರ ಬ್ಯಾಗ್ ಸಮೇತ ಅವಳನ್ನು ಹತ್ತಿಸಿದ. ಬಸ್ಸಿನ ಕಿಟಕಿಯಲ್ಲಿ ತಂಗಿ ಮುಖ ಆಚೆ ತಿರುಗಿಸಿ ಕುಳಿತಿದ್ದಳು.

ಲಾರಿಯಲ್ಲಿ ಕುಳಿತಾಗ ಅವಳಿಗೆ ಒಂದು ಸದ್ದು ನೆನಪಾಯಿತು. ಮೆಟ್ಟಿಲು ಹತ್ತುತ್ತಿದ್ದಾಗ, ಇನ್ನೇನು ಬೆಳಕು ಕಾಣುತ್ತದೆ ಎನ್ನುವಾಗ, ಕೆಳಗಿನಿಂದ ಏನೋ ಕೇಳಿಸಿತ್ತು. ನಮ್ಮದೇ ಮಾತಿನ ಪ್ರತಿಧ್ವನಿ ಎಂದುಕೊಂಡು ಅವಳು ಮುಂದೆ ನಡೆದಿದ್ದಳು. ಈಗ ಯೋಚಿಸಿದರೆ, ಆ ಹೊತ್ತಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರೂ ಏದುತ್ತಿದ್ದರು.

ಲಾರಿ ತಲುಪಿದಾಗ ಗುಹೆಯ ಕಬ್ಬಿಣದ ಬಾಗಿಲಿಗೆ ಸರಪಳಿ ಬಿದ್ದಿತ್ತು. ಕಾವಲುಗಾರ ಸೈಕಲ್ ತಳ್ಳಿಕೊಂಡು ರಸ್ತೆಗಿಳಿದಿದ್ದ. ಲಾರಿಯವನು ಅಡ್ಡ ನಿಲ್ಲಿಸಿದ.

“ಒಳಗೆ ಯಾರೂ ಇಲ್ಲ. ನಾನೇ ಕೂಗಿ ನೋಡಿದೀನಿ,” ಎಂದ ಕಾವಲುಗಾರ.

“ತಳದವರೆಗೆ ಇಳಿದು ನೋಡಿದ್ರಾ?” ಅವಳೂ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಕೇಳಿದಳು.

ಅವನು ಅವಳ ಕಣ್ಣು ತಪ್ಪಿಸಿದ. ಸೈಕಲ್ಲನ್ನು ಗೋಡೆಗೊರಗಿಸಿ ಬೀಗ ತೆಗೆದ. ದೀಪದ ಸ್ವಿಚ್ ಒತ್ತಿದರೆ ಹತ್ತಲಿಲ್ಲ. ನಾಳೆಯ ಕೆಲಸಕ್ಕೆಂದು ರಿಪೇರಿಯವರು ಆಗಲೇ ಫ್ಯೂಸ್ ತೆಗೆದುಕೊಂಡು ಹೋಗಿದ್ದರು. ಒಂದೇ ಟಾರ್ಚಿನಲ್ಲಿ ಮೂವರೂ ಇಳಿದರು. ಅವಳು ಪ್ರತಿ ತಿರುವಿನಲ್ಲೂ ನಿಂತು ಕೂಗಿದಳು. ನೀರು ತೊಟ್ಟಿಕ್ಕುವುದು ಬಿಟ್ಟು ಬೇರೆ ಸದ್ದಿರಲಿಲ್ಲ. ತಳದಲ್ಲಿ ಟಾರ್ಚಿನ ಬೆಳಕಿಗೆ ಮೊದಲು ಕಂಡದ್ದು ಟೋಪಿ. ಕೆರೆಯ ಮೇಲೆ ತೇಲುತ್ತಿತ್ತು.

ಕಾವಲುಗಾರ “ಅಯ್ಯೋ” ಎಂದು ಅಲ್ಲೇ ಕುಸಿದ. ಅವಳು ಅವನ ಕೈಯಿಂದ ಟಾರ್ಚ್ ಕಿತ್ತುಕೊಂಡು ಕೆರೆಯಂಚಿನ ಕಟಕಟೆಯ ಉದ್ದಕ್ಕೂ ಬೆಳಕು ಹಾಯಿಸಿದಳು. ಆಚೆ ಬದಿಯ ಬಂಡೆಯ ಸಂದಿಯಲ್ಲಿ ಒಂದು ತೋಳು ಕಂಡಿತು. ತೋಳಿನ ಪಕ್ಕ ತಲೆ. ಸೊಂಟದವರೆಗೆ ನೀರಿನಲ್ಲಿ, ಬಂಡೆ ಅಪ್ಪಿಕೊಂಡು ಅವರು ಬಿದ್ದಿದ್ದರು. ಲಾರಿಯವನು ನೀರಿಗಿಳಿದು ಎತ್ತಿದ. ತುಟಿ ನೀಲಿಗಟ್ಟಿತ್ತು. ಉಸಿರಿತ್ತು.

ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಇನ್ನೊಂದು ಗಂಟೆ ಆ ತಣ್ಣೀರಿನಲ್ಲಿದ್ದಿದ್ದರೆ ಆಸೆ ಬಿಡಬೇಕಿತ್ತು ಎಂದರು ಆಸ್ಪತ್ರೆಯ ಡಾಕ್ಟರು. ಅವಳು ಟೋಪಿಯವರ ಬ್ಯಾಗ್ ಮಡಿಲಲ್ಲಿಟ್ಟುಕೊಂಡು ವಾರ್ಡಿನ ಹೊರಗೆ ಕುಳಿತಳು. ಏಳು ಗಂಟೆಗೆ ಎಲ್ಲೋ ಮೇಲೆ ವಿಮಾನವೊಂದು ಹಾದುಹೋಯಿತು.

ಮರುದಿನ ಬೆಳಿಗ್ಗೆ ಅವರು ಕಣ್ಣು ಬಿಟ್ಟರು. ಯಾರು, ಏನು ಎಂದು ವಿಚಾರಿಸಲಿಲ್ಲ. “ಕಾಲು ಜಾರಿತು. ಕೂಗಿದೆ,” ಎಂದರು. “ನಿಮ್ಮೆಲ್ಲರ ಹೆಜ್ಜೆ ಸದ್ದು ಮೇಲೆ ಹೋಗ್ತಾ ಇದ್ದಿದ್ದು ಕೇಳಿಸ್ತಿತ್ತು. ಯಾರಿಗೂ ಕೇಳಿಸ್ಲೇ ಇಲ್ವಾ?”

ಇಲ್ಲ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. “ನಂಗೆ ಕೇಳಿಸ್ತು,” ಎಂದಳು ಅವಳು. “ಕೇಳಿಸಿದ್ರೂ ಹೋದೆ.”

ಅವರು ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡರು.

ಮೂರನೇ ದಿನ ಅವರ ಮಗಳು ಬಂದು ಅವಳ ಕೈ ಹಿಡಿದು ಅತ್ತಳು, ದೇವರಂತೆ ಬಂದಿರಿ ಎಂದಳು. ಅವಳು ಹೊರಡುವಾಗಲೂ ಅವರು ಮಾತ್ರ ಇತ್ತ ತಿರುಗಲಿಲ್ಲ. ಅವಳು ಒಬ್ಬಳೇ ವಿಮಾನ ಹತ್ತಿ ಊರಿಗೆ ಬಂದಳು. ನಿಲ್ದಾಣದಲ್ಲಿ ತಂಗಿ ಕಾದಿದ್ದಳು. ಅಕ್ಕನ ಚೀಲ ಇಸಿದುಕೊಂಡು ಮುಂದೆ ನಡೆದಳು.