ಹಿಂದಿನ ಎಡ ಚಕ್ರ

ನಮ್ಮ ಮನೆಯ ಸ್ಟೋರ್‌ರೂಮಿನಲ್ಲಿ ಮೂರು ಅಲಾಯ್ ರಿಮ್‌ಗಳಿವೆ. ನಾಲ್ಕನೆಯದು ಇಲ್ಲ, ಕಾರೂ ಇಲ್ಲ. ಕಾರು ಸ್ಕ್ರ್ಯಾಪ್‌ಗೆ ಹೋದ ದಿನ ಇವನ್ನೂ ಒಯ್ಯಿರಿ ಅನ್ನಬಹುದಿತ್ತು, ಬಾಯಿ ಬರಲಿಲ್ಲ. ಅಕ್ಕಿ ಡಬ್ಬದ ಹಿಂದೆ ಒಂದರ ಮೇಲೊಂದು ಕೂತಿವೆ. ಅಕ್ಕಿ ತೆಗೆಯುವಾಗ ಹೆಂಡತಿ ಅತ್ತ ನೋಡುವುದಿಲ್ಲ.

ರಿಮ್ಮಿನ ಒಳಮೈಯಲ್ಲಿ ಮೂವತ್ತೆಂಟು ಎಂಬ ಸಂಖ್ಯೆ ಅಚ್ಚಾಗಿದೆ. ಅದೇ ಆಫ್‌ಸೆಟ್. ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆದರೆ, ಬೋಲ್ಟ್ ಕೂರುವ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ಆಚೆಗಿದೆ ಅನ್ನುವ ಅಳತೆ. ಸಂಖ್ಯೆ ದೊಡ್ಡದಾದರೆ ಚಕ್ರ ಕಾರಿನ ಒಳಗೆ ಸರಿಯುತ್ತದೆ, ಚಿಕ್ಕದಾದರೆ ಹೊರಗೆ ಬರುತ್ತದೆ. ಕಾರಿನ ಜೊತೆ ಬಂದ ರಿಮ್ ನಲವತ್ತೈದರದು. ನಾನು ಇಷ್ಟಪಟ್ಟಿದ್ದು ಒಂದಿಂಚು ಹೆಚ್ಚು ಅಗಲ ಕೂಡ. ಎರಡೂ ಸೇರಿ ಟೈರಿನ ಹೊರ ಅಂಚು ಇಪ್ಪತ್ತು ಮಿಲಿಮೀಟರ್ ಆಚೆ ಬಂತು, ಮಡ್‌ಗಾರ್ಡಿನ ಅಂಚಿಗೆ ಸರಿಸಮ. ನನಗೆ ಬೇಕಿದ್ದದ್ದೂ ಅದೇ ನೋಟ. ಕೆಲಸಕ್ಕೆಂದು ಬಂದು ನೆಲೆಸಿದ ಈ ಪರದೇಶದಲ್ಲಿ, ಪಾಯಾ ಲೆಬಾರ್ ಬಡಾವಣೆಯ ನಮ್ಮ ಆಫೀಸಿನ ಬೇಸ್‌ಮೆಂಟಿನಲ್ಲಿ ಅಂಥ ಕಾರುಗಳನ್ನು ನೋಡಿ ನೋಡಿ ಹೊಟ್ಟೆ ಉರಿದಿತ್ತು.

ವರ್ಕ್‌ಶಾಪಿನ ಅಂಕಲ್ ತಲೆಯಾಡಿಸಿ, "ದಿಸ್ ಕಾರ್, ಫಾರ್ಟಿ ಫೈವ್ ಬೆಟರ್ ಲಾ" ಅಂದಿದ್ದ. ನಾನು ಎಕ್ಸೆಲ್ ಶೀಟ್ ತೋರಿಸಿದೆ. ಅವನು ಹೆಗಲು ಕುಣಿಸಿ ಸ್ಪ್ಯಾನರ್ ಎತ್ತಿಕೊಂಡ.

ಅಪ್ಪ ಆಗ ನಮ್ಮ ಜೊತೆಗಿದ್ದರು. ಮೈಸೂರಿನ ಬಸ್ ಡಿಪೋದಲ್ಲಿ ಟೈರ್ ಸೆಕ್ಷನ್ನಿನಲ್ಲೇ ಆಯುಷ್ಯ ಕಳೆದವರು. ಯಾವ ಗಾಡಿ ಹತ್ತಿದರೂ ಹಿಂದಿನ ಚಕ್ರದ ಮೇಲಿನ ಸೀಟೇ ಬೇಕು, ಗಾಡಿ ನಿಜ ಹೇಳೋದು ಅಲ್ಲೇ ಅನ್ನುತ್ತಿದ್ದರು. ಹೊಸ ರಿಮ್ಮಿನ ಸುತ್ತ ಒಂದು ಸುತ್ತು ಬಂದು ಮಡ್‌ಗಾರ್ಡಿನ ಅಡಿಗೆ ಬೆರಳು ತೂರಿಸಿ ನೋಡಿದರು.

"ಭಾರಕ್ಕೆ ಗಾಡಿ ತಗ್ಗಿದ್ರೆ ಟೈರ್ ತಾಗುತ್ತೋ ಏನೋ, ಹಿಂದೆ ಮೂರು ಜನ ಕೂರಿಸಿ ಒಂದ್ಸಲ ನೋಡ್ಬಿಡೋ. ಡಿಪೋಲಿ ನಾವು ಚಕ್ರ ಬದಲಾಯಿಸಿದ್ರೆ ಮರಳು ಮೂಟೆ ಹೇರಿ ನೋಡದೆ ಗಾಡಿ ಬಿಡ್ತಿರ್ಲಿಲ್ಲ."

"ಅಪ್ಪ, ಇದು ಬಸ್ಸಲ್ಲ. ಎಲ್ಲಾ ಕ್ಯಾಲ್ಕುಲೇಟ್ ಮಾಡಿದೀನಿ."

ಸಾಫ್ಟ್‌ವೇರಿಗೆ ಭಾರ ಹೇರಿ ಎಲ್ಲಿ ಮುರಿಯುತ್ತದೆಂದು ಪರೀಕ್ಷಿಸುವುದೇ ನನ್ನ ಕಸುಬು. ಆ ದಿನ ಅದು ನೆನಪಾಗಲಿಲ್ಲ. ನೆನಪಾಗಿದ್ದರೂ ಅಪ್ಪನ ಮಾತಿಗೆ ತಲೆಬಾಗುತ್ತಿದ್ದೆನೋ ಇಲ್ಲವೋ. ಆ ಅಹಂಕಾರ ನನಗೆ ಮೊದಲಿನಿಂದಲೂ ಇದೆ.

ಮರುದಿನವೇ ಆಯುಧಪೂಜೆ. ಕಾರ್‌ಪಾರ್ಕಿನಲ್ಲಿ ಅಪ್ಪ ಚಕ್ರಗಳಿಗೆ ಅರಿಶಿನ ಕುಂಕುಮ ಹಚ್ಚಿದರು, ಹೆಂಡತಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟಳು. ನಾನು ಕಾರು ಮುಂದೆ ಬಿಟ್ಟೆ, ನಾಲ್ಕೂ ಹಿಸುಕಿ ಹೋದವು. ಎಲ್ಲರಿಗೂ ಖುಷಿಯಾಯಿತು.

ಸಂಜೆ ಮೂವರೂ ಹೊರಟಾಗ, ರಸ್ತೆಯ ಉಬ್ಬು ದಾಟುವಾಗ ಹಿಂದೆ ಎಡಗಡೆ ಸರ್ರೆಂದು ಸದ್ದು, ಆಮೇಲೆ ಸುಟ್ಟ ವಾಸನೆ. "ಟೈರ್ ಉಜ್ತಾ ಇದೆ ಕಣೋ" ಅಂದರು ಅಪ್ಪ. ನಿಂಬೆಹಣ್ಣಿನ ಸಿಪ್ಪೆ ಒಳಗೆ ಅಂಟಿಕೊಂಡಿದೆ, ಅದೇ ಉಜ್ಜಿ ಸುಡುತ್ತಿದೆ ಅಂದೆ. ಮರುದಿನ ಒಬ್ಬನೇ ಆಫೀಸಿಗೆ ಹೋದೆ, ಸದ್ದಿಲ್ಲ. ಮನೆಗೆ ಬಂದು ಸಿಪ್ಪೆ ಉದುರಿಹೋಯಿತೆಂದು ಸಾರಿದೆ. ಮುಂದಿನ ಭಾನುವಾರ ಅಪ್ಪ ಹಿಂದೆ ಕೂತರು, ಮತ್ತೆ ಸದ್ದು. "ಇನ್ನೂ ನಿಂಬೆಹಣ್ಣೇನ್ರೀ?" ಅಂದಳು ಹೆಂಡತಿ. ಹೌದು ಅಂದೆ. ಇಳಿದು ಬಗ್ಗಿ ನೋಡಲು ಎರಡು ನಿಮಿಷ ಸಾಕಿತ್ತು. ನೋಡಿದರೆ ಅಪ್ಪ ಹೇಳಿದ್ದು ನಿಜವಾಗಿಬಿಡುತ್ತಿತ್ತು.

ಅದರ ಮುಂದಿನ ಭಾನುವಾರ ಬೆಳಿಗ್ಗೆ ಡಿಕ್ಕಿಯಲ್ಲಿ ಎರಡು ಮೂಟೆ ಅಕ್ಕಿ, ತಿಂಗಳ ದಿನಸಿ. ಅಪ್ಪನಿಗೆ ಪಾಸಿರ್ ಪಂಜಾಂಗ್ ಬಂದರಿನ ಹಡಗು ಕ್ರೇನುಗಳನ್ನು ನೋಡುವುದೆಂದರೆ ಇಷ್ಟ, ಹಾಗಾಗಿ ಅತ್ತ ತಿರುಗಿಸಿದೆ. ದಾರಿಯುದ್ದಕ್ಕೂ ಸದ್ದು ಬರುತ್ತಲೇ ಇತ್ತು. ಅಪ್ಪ ಹಿಂದೆ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಎಕ್ಸ್‌ಪ್ರೆಸ್‌ವೇಯಲ್ಲಿ ಟೈರ್ ಸಿಡಿಯಿತು. ಕಾರು ಎಡಕ್ಕೆ ಎಳೆದುಕೊಂಡು ಹೋಗಿ ತಡೆಗಂಬಿಗೆ ಬಡಿಯಿತು. ಮುಂದೆ ಕೂತ ನಮ್ಮಿಬ್ಬರಿಗೆ ತರಚು ಗಾಯ. ಅಪ್ಪ ಕೂತ ಕಡೆಯ ಬಾಗಿಲು ಒಳಗೆ ಬಂದು ಅವರ ಸೊಂಟದ ಮೂಳೆ ಮುರಿದಿತ್ತು. ಒಡೆದ ಟೈರಿನ ಹೊರ ಅಂಚಿನುದ್ದಕ್ಕೂ ಮಡ್‌ಗಾರ್ಡಿನ ಅಂಚು ಕೊಯ್ದ ಗೆರೆಯಿತ್ತು, ಚಾಕುವಿನಿಂದ ಕೊಯ್ದಷ್ಟು ನೇರ.

ಆಪರೇಷನ್ ಆಯಿತು. ವಾರದ ಮೇಲೆ ವಿಮೆ ಕಡೆಯವರೊಬ್ಬರು ಆಸ್ಪತ್ರೆಗೇ ಬಂದರು. ಅಪ್ಪನಿಗೆ ಇಂಗ್ಲಿಷ್ ಬಾರದು, ನಾನೇ ನಡುವೆ ನಿಂತೆ. ಟೈರ್ ಒಡೆಯುವ ಮೊದಲು ಹಿಂದಿನಿಂದ ಏನಾದರೂ ಸದ್ದು ಬರುತ್ತಿತ್ತೇ ಎಂದು ಆತ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಅಪ್ಪ ನನ್ನ ಮುಖವನ್ನೇ ನೋಡಿದರು.

"ಸದ್ದೇನೂ ಇರ್ಲಿಲ್ಲ ಅಂತ ಹೇಳು ಅವರಿಗೆ."

ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ ಹೆಂಡತಿಯ ಕೈ ನಿಂತಿತು. ಸದ್ದೇ ಇರಲಿಲ್ಲವೆಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆತ ಬರೆದುಕೊಂಡರು.

ಅದಾದ ನಾಲ್ಕನೆಯ ದಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿ ಅಪ್ಪ ತೀರಿಕೊಂಡರು. ಮೈಸೂರಿನಿಂದ ಫೋನ್ ಮಾಡಿದ ಡಿಪೋದ ಹಳೆಯ ಗೆಳೆಯರು, ಕಣ್ಣು ಮುಚ್ಚಿಕೊಂಡು ಕೂತೇ ಯಾವ ಚಕ್ರ ಕೆಟ್ಟಿದೆ ಅಂತ ಹೇಳುತ್ತಿದ್ದ ಮನುಷ್ಯ ಅಂತ ಅತ್ತರು. ನಾನು ಹೂಂಗುಟ್ಟುತ್ತಾ ಕೇಳಿದೆ.

ತಿಥಿ ಮುಗಿಸಿ ಕಾಯಿ ಬುಟ್ಟಿ ಎತ್ತಿಡುವಾಗ ಹೆಂಡತಿ ಒಂದೇ ಮಾತು ಅಂದಳು.

"ಮಾವನ ಬಾಯಲ್ಲಿ ಸುಳ್ಳು ಹೇಳಿಸಿಬಿಟ್ರಲ್ಲ ರೀ."

ನಾನು ಹೇಳಿಸಲಿಲ್ಲ, ಅವರಾಗಿಯೇ ಹೇಳಿದರು ಅನ್ನಬಹುದಿತ್ತು. ಅನ್ನಲು ಬಾಯಿ ತೆರೆದೆ, ಅದರಿಂದ ಮತ್ತೆ ನಿಂಬೆಹಣ್ಣಿನ ಮಾತೇ ಬಂದೀತೆಂದು ಹೆದರಿ ಮುಚ್ಚಿಕೊಂಡೆ.