ಹೊಸ್ತಿಲಿನ ಅಡಿಮುಖ

ಅದು 2009ರ ಬೇಸಿಗೆ. ಚಿಕ್ಕಬಾಣಾವರದ ಹತ್ತಿರ ಇದ್ದ ನಮ್ಮ ಹಳೆಯ ಮನೆಯನ್ನು ಕೆಡವಿ, ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸುವುದೆಂದು ನನ್ನ ಮೈದುನ ಬಿಲ್ಡರ್ ಒಬ್ಬರಿಗೆ ಮಾತು ಕೊಟ್ಟಿದ್ದ. ನನ್ನ ಯಜಮಾನರು ತೀರಿಕೊಂಡು ಮೂರು ವರ್ಷವಾಗಿತ್ತು. ಅವರ ಪಾಲಿಗೆ ನಮಗೂ ಒಂದು ಮನೆ ಬರುವುದಿತ್ತು.

ನನ್ನ ಮೊಮ್ಮಕ್ಕಳು ಆ ಮನೆಯನ್ನು ನೋಡಿಲ್ಲ. ಅದು ಮೊದಲು ಮನೆಯೇ ಆಗಿರಲಿಲ್ಲ, ಗಾಡಿಯವರು ಇಳಿದುಕೊಳ್ಳುವ ಛತ್ರವಾಗಿತ್ತು. ನಡುವೆ ಅಂಗಳ, ಸುತ್ತ ಕಲ್ಲುಕಂಬದ ಪಡಸಾಲೆ, ಗೋಡೆಯುದ್ದಕ್ಕೂ ಎತ್ತು ಕಟ್ಟುವ ಕಬ್ಬಿಣದ ಬಳೆಗಳು. ಹಿಂದುಗಡೆ ಸಾಲಾಗಿ ಏಳು ಒಲೆ. ಒಬ್ಬರು ಬೇಯಿಸಿದ್ದನ್ನು ಇನ್ನೊಬ್ಬರು ಉಣ್ಣದ ಕಾಲ ಅದು. ಬಸ್ಸು ಬಂದು ಗಾಡಿಗಳು ನಿಂತ ಮೇಲೆ, ನೀರು ಸೌದೆ ನೋಡಿಕೊಳ್ಳಲು ಬಂದಿದ್ದ ನಮ್ಮ ಮಾವನವರ ತಂದೆ ಅಲ್ಲಿಯೇ ಸಂಸಾರ ಹೂಡಿದರಂತೆ. ಇದನ್ನೆಲ್ಲ ಅತ್ತೆ ರಾಗಿ ಬೀಸುತ್ತ ನನಗೆ ಹೇಳಿದ್ದರು. ಛತ್ರದ ಬಾಗಿಲಿಗೆ ಹೊಸ್ತಿಲು ಇರಲಿಲ್ಲ, ಗಾಡಿ ಒಳಗೆ ಬರಬೇಕಲ್ಲ. ಮನೆಯಾದ ಮೇಲೆ ಬಾಗಿಲನ್ನು ಕಿರಿದು ಮಾಡಿ, ಉದ್ದನೆಯ ಕಲ್ಲೊಂದನ್ನು ಹೊಸ್ತಿಲಾಗಿ ಹಾಕಿದರು. ನಾನು ಮುತ್ತೈದೆಯಾಗಿದ್ದಷ್ಟು ವರ್ಷವೂ ಅದಕ್ಕೆ ಅರಿಸಿನ ಕುಂಕುಮ ಹಚ್ಚಿದ್ದೇನೆ.

ಮನೆ ಕೆಡವಲು ಒಂದು ತಿಂಗಳಿದೆ ಎನ್ನುವಾಗ ಗಂಗಮ್ಮ ಎಂಬ ವಯಸ್ಸಾದ ಹೆಂಗಸು ಬಂದಳು. ಹೊಸ್ತಿಲಿನ ಆಚೆಯೇ ನಿಂತಳು. ಮೈದುನ ಜಗಲಿಯಲ್ಲಿ ಪೇಪರ್ ಓದುತ್ತಿದ್ದ.

"ಮಾಗಡಿ ಕಡೆಯಿಂದ ಬಂದಿವ್ನಿ ಸಾಮಿ. ಈ ಛತ್ರ ನಮ್ಮ ಮುತ್ತಜ್ಜಿ ಕಟ್ಸಿದ್ದು. ಗಾಡಿಯೋರಿಗೆ ಕಡ್ಲೆಪುರಿ ಮಾರ್ತಿದ್ಲು. ಅವ್ಳ ಎಸರು ಬರ್ದಿರೋ ಕಲ್ಲು ಇತ್ತಂತೆ. ಒಡೆಯೋಕೆ ಮುಂಚೆ ಒಂದ್ಸಲ ನೋಡಾನ ಅಂತ."

ಮೈದುನ ಪೇಪರ್ ಇಳಿಸಿದ. "ಪುರಿ ಮಾರೋಳು ಛತ್ರ ಕಟ್ಸಿದ್ಲಾ? ಅಂಗಾದ್ರೆ ಕಳ್ಳೇಕಾಯಿ ಮಾರೋನು ವಿಧಾನಸೌಧ ಕಟ್ಸಿರ್ಬೇಕು ಬಿಡು."

"ನಗಿ ಸಾಮಿ. ನಮ್ಮೂರಲ್ಲೂ ಇಂಗೇ ನಗ್ತಾರೆ. ಅದುಕ್ಕೇ ಬಂದೆ."

"ಇದು ನಮ್ಮ ತಾತನ ಕಾಲದಿಂದ್ಲೂ ಮನೇನೇ ಕಣಮ್ಮ. ಹೋಗು, ಬಿಸಿಲು ಜಾಸ್ತಿ ಆಗತ್ತೆ."

ಅವಳು ನನ್ನ ಕಡೆ ತಿರುಗಿದಳು. "ನೀವೇನಾರ ಕಂಡಿದೀರಾ ಅಕ್ಕ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಕಲ್ಲನ್ನು ಕಂಡಿರಲಿಲ್ಲ, ನಿಜ. ಆದರೆ ಛತ್ರವೆಂದು ಗೊತ್ತಿತ್ತು. ಕರೆದುಕೊಂಡು ಹೋಗಿ ಆ ಏಳು ಒಲೆಯನ್ನಾದರೂ ತೋರಿಸಬಹುದಿತ್ತು. ಗಂಡಸರು ಮಾತಾಡುವಾಗ ಬಾಯಿ ಹಾಕಿ ನನಗೆ ಅಭ್ಯಾಸವಿರಲಿಲ್ಲ. ಒಂದು ಲೋಟ ನೀರು ಕೊಟ್ಟೆ. ಅವಳು ಕುಡಿದು, ಒಂದು ಚೀಟಿಯನ್ನು ನನ್ನ ಕೈಗಿಟ್ಟಳು. ಪೀಣ್ಯದಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಮೊಮ್ಮಗಳ ಫೋನ್ ನಂಬರ್. "ಕಲ್ಲು ಸಿಕ್ರೆ ಏಳಿ ಕಳ್ಸಿ ಅಕ್ಕ. ನಂಗೆ ಓದಕ್ಕೆ ಬರಾಕಿಲ್ಲ. ಮುಟ್ಟಿ ನೋಡ್ಕಂಡು ಓಯ್ತೀನಿ."

ಕೆಡವುವ ದಿನ ಕಂಬಗಳನ್ನು ಯಾವುದೋ ರೆಸಾರ್ಟಿನವರು ಲಾರಿಗೆ ಹೇರಿಕೊಂಡು ಹೋದರು. ಮಧ್ಯಾಹ್ನ ಜೆಸಿಬಿ ಹೊಸ್ತಿಲನ್ನು ಎಬ್ಬಿಸಿ ಮಗುಚಿತು. ಡ್ರೈವರ್ ಇಳಿದು ಬಂದ. "ಅಜ್ಜಿ, ಅಡೀಲಿ ಏನೋ ಬರ್ದೈತೆ ನೋಡಿ."

ಅವನು ಮತ್ತೆ ಜೆಸಿಬಿ ಹತ್ತಿದ. ನಾನು ನೀರು ಸುರಿದು ಸೆರಗಿನಿಂದ ಮಣ್ಣು ಒರೆಸಿದೆ. ಸೊಟ್ಟಪಟ್ಟ ಅಕ್ಷರಗಳು. ಆದರೆ ನೆಲದ ಕಡೆಗಿದ್ದ ಮುಖವಾದ್ದರಿಂದ ಒಂದೂ ಸವೆದಿರಲಿಲ್ಲ. "ಪುರಿ ಕೆಂಪಕ್ಕನು ದಾರಿಹೋಕರಿಗೆಂದು ಕಟ್ಟಿಸಿದ ಛತ್ರ. ಇದನ್ನು ಯಾರೂ ತಮ್ಮದೆನ್ನಬಾರದು." ಹಾಕಿದವರು ತಿಳಿದೇ ಮಗುಚಿ ಹಾಕಿದ್ದರು.

ಸ್ವಲ್ಪ ದೂರದಲ್ಲಿ ಮೈದುನ ಬಿಲ್ಡರ್ ಕಡೆಯವರ ಜೊತೆ ನಿಂತಿದ್ದ. "ಏನತ್ತಿಗೆ ಅದು? ನನ್ನ ಕನ್ನಡಕ ಕಾರಲ್ಲಿದೆ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗಂಗಮ್ಮನ ಚೀಟಿ ನನ್ನ ಎಲೆಅಡಿಕೆ ಚೀಲದಲ್ಲಿಯೇ ಇತ್ತು.

"ಏನಿಲ್ಲ," ಎಂದೆ. "ಅಕ್ಷರ ಎಲ್ಲ ಸವೆದೋಗಿದೆ."

"ಅಂಗಾದ್ರೆ ಹಳ್ಳಕ್ಕೆ ತಳ್ಳಪ್ಪ," ಎಂದ ಮೈದುನ. ಡ್ರೈವರ್ ತಳ್ಳಿದ. ಅದರ ಮೇಲೆ ಇಟ್ಟಿಗೆ ಚೂರು, ಮಣ್ಣು ಬಿತ್ತು.

ಆಮೇಲೆ ಎಷ್ಟೋ ವರ್ಷ ಕಳೆದು, ಮಗಳ ಮೊಬೈಲಿನಿಂದ ಆ ನಂಬರಿಗೆ ಫೋನ್ ಮಾಡಿಸಿದೆ. ಎತ್ತಿದವರು ಹಿಂದಿ ಮಾತಾಡಿದರು. ಗಂಗಮ್ಮನ ಊರಿನ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

ಮಕ್ಕಳೇ, ನೀವು ಆಡಿ ಬೆಳೆದ ಮೂರನೇ ಮಹಡಿಯ ಮನೆ ನಮ್ಮ ಪಾಲಿಗೆ ಬಂದದ್ದು ಹೀಗೆ. ಅಜ್ಜಿಗೆ ಸಂಕೋಚ, ನಾಲ್ಕು ಜನರ ಮುಂದೆ ಬಾಯೇ ಬಿಡುವುದಿಲ್ಲ ಎಂದು ನೀವು ನಗುತ್ತೀರಿ. ಗಂಗಮ್ಮನ ಮುಂದೆ ತಲೆಯಾಡಿಸಿದ್ದು ಸಂಕೋಚವೇ ಇರಬಹುದು. ಆದರೆ ಕಲ್ಲಿನ ಮುಂದೆ ಕೂತು ಆಡಿದ್ದು ಸಂಕೋಚದ ಮಾತಲ್ಲ. ನಾಲ್ಕು ಜನರ ಮುಂದೆ ಗಟ್ಟಿಯಾಗಿಯೇ ಹೇಳಿದ್ದೆ. ಮನೆ ಕೈತಪ್ಪಬಾರದೆಂದೇ ಹಾಗೆ ಹೇಳಿದ್ದೆ.