ತಾಯ್‌ಮಾಮನ ಮಡಿಲು

ನಮ್ಮ ಬೀದಿಯ ತಿರುವಿನಲ್ಲಿ ಒಂದು ಇಸ್ತ್ರಿ ಗಾಡಿ ನಿಲ್ಲುತ್ತದೆ. ಮೊನ್ನೆ ಬೆಳಿಗ್ಗೆ ನನ್ನ ಪ್ಯಾಂಟುಗಳ ಗಂಟು ಹಿಡಿದು ಅಲ್ಲಿಗೆ ಹೋದಾಗ ಇಸ್ತ್ರಿಯವರು ಗಂಜಿ ಹಾಕಿದ ಬಿಳಿ ವೇಷ್ಟಿಯೊಂದನ್ನು, ನಮ್ಮ ಪಂಚೆಯಂಥದ್ದನ್ನು, ಹಾಸಿ, ನೀರು ಚಿಮುಕಿಸಿ, ಕೆಂಡದ ಪೆಟ್ಟಿಗೆಯನ್ನು ಅದರ ಮೇಲೆ ಎಳೆಯುತ್ತಿದ್ದರು. ಮದುವೆಗಳ ತಿಂಗಳು, ಗಾಡಿಯ ತುಂಬ ಬಿಳಿ ವೇಷ್ಟಿಗಳೇ. ಒದ್ದೆ ಹತ್ತಿ, ಗಂಜಿ, ಇದ್ದಿಲು ಸೇರಿದ ಬಿಸಿ ಆವಿ ಮುಖಕ್ಕೆ ಬಡಿಯಿತು. ಗಂಟು ಇಳಿಸುವುದನ್ನೂ ಮರೆತು ನಿಂತೆ… ಪಕ್ಕದ ಮಂಚದವರು ನೆನಪಾಗಿದ್ದರು.

ಅವರನ್ನು ನಾನೂ ನನ್ನ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದೆವು. ಹೆಸರು ಗೊತ್ತಿರಲಿಲ್ಲ ಎಂದಲ್ಲ. ಆಸ್ಪತ್ರೆಯಲ್ಲಿ ಮೊದಲು ಬಾಯಿಗೆ ಬಂದದ್ದು ಅದು, ಆಮೇಲೆ ಅದೇ ಉಳಿಯಿತು.

ನನ್ನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿದು, ಅದನ್ನು ಪೂರ್ತಿ ತೆಗೆಸಲು ಇಲ್ಲೇ ಕೊಯಮತ್ತೂರಿನ ಆಸ್ಪತ್ರೆಯೊಂದಕ್ಕೆ ಸೇರಿದ್ದೆ. ಎರಡು ಮಂಚಗಳ ಕೋಣೆ. ಅವರಿಗೂ ಅದೇ ಕಾಯಿಲೆ, ಅದೇ ಶಸ್ತ್ರಚಿಕಿತ್ಸೆ. ಅವರದು ನನಗಿಂತ ಒಂದು ದಿನ ಮೊದಲಾಯಿತು ಎಂದು ನನ್ನ ನೆನಪು; ಹೆಂಡತಿ ಒಂದೇ ದಿನ ಎನ್ನುತ್ತಾಳೆ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ, ಇಲ್ಲಿಗೆ ಬಂದು ಅದನ್ನೇ ಪಾಠ ಮಾಡಿದವನು ನಾನು. ನೆನಪನ್ನು ಸಾಕ್ಷಿಯೆಂದು ಒಪ್ಪಬಾರದು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಈಗ ನನ್ನ ಹತ್ತಿರ ಉಳಿದಿರುವುದು ಹೆಚ್ಚುಕಮ್ಮಿ ಅದೊಂದೇ.

ಅವರು ಕಾಂಗೇಯದ ಕಡೆಯವರು. ಕೊಬ್ಬರಿ ಒಣಗಿಸುವ ಕಣ, ಎಣ್ಣೆ ಮಿಲ್ಲು ಇತ್ತು. ಎಷ್ಟು ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ಈ ಕಡೆಗೆ ಬಂದ ಒಕ್ಕಲು ಕುಟುಂಬವೋ ಅವರಿಗೂ ಗೊತ್ತಿರಲಿಲ್ಲ. ನಾನು ಹೆಂಡತಿಯ ಜೊತೆ ಮಾತಾಡುತ್ತಿದ್ದುದನ್ನು ಕೇಳಿ, ಪರದೆ ಸರಿಸಿ, "ನೀವು ನಮ್ಮ ಮಾತು ಆಡ್ತೀರಾ?" ಎಂದರು. ಕನ್ನಡ ಅವರಿಗೆ ಮನೆಯೊಳಗಿನ ಮಾತು. ನಾನು ಓದುತ್ತಿದ್ದ ಕನ್ನಡ ಪುಸ್ತಕವನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಅಕ್ಷರ ಚೆನ್ನಾಗಿ ಉರುಟಾಗಿದೆ ಎಂದು ಹೊಗಳಿ ವಾಪಸು ಕೊಟ್ಟರು. ನಾನು ಪಾಠ ಮಾಡುವವನೆಂದು ತಿಳಿದ ಮೇಲೆ ವಾತ್ಯಾರೆ ಎಂದೇ ಕರೆದರು.

ಇಬ್ಬರ ಮಂಚಕ್ಕೂ ಮೂತ್ರದ ಚೀಲ ನೇತುಹಾಕಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಅವರು ಎರಡನ್ನೂ ಬಗ್ಗಿ ನೋಡುವರು. "ನಂದು ಎಳನೀರಾಯ್ತು ವಾತ್ಯಾರೆ. ನಿಮ್ದು ಇನ್ನೂ ಟೀಯಲ್ಲೇ ನಿಂತದೆ." ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಆದರೂ ನಗುತ್ತಿದ್ದೆವು.

ನಳಿಕೆ ತೆಗೆದ ಮೇಲೆ ನಗು ನಿಂತಿತು. ಕೆಮ್ಮಿದರೆ, ಎದ್ದರೆ, ಸೀನಿದರೆ, ಚೆಂಬು ಎತ್ತಿದರೆ ಮೂತ್ರ ಸೋರುತ್ತಿತ್ತು. ಕೆಲವು ತಿಂಗಳಲ್ಲಿ ಹಿಡಿತಕ್ಕೆ ಬರುತ್ತದೆ, ಬಹಳ ಜನರಿಗೆ ಬರುತ್ತದೆ ಎಂದರು ಡಾಕ್ಟರು. ಉಳಿದವರ ಬಗ್ಗೆ ನಾನು ಕೇಳಿದೆ. ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಹೇಳಿಕೊಟ್ಟು ಮನೆಗೆ ಕಳಿಸಿದರು. ಅಲ್ಲಿಂದಾಚೆಗೆ ಪಕ್ಕದ ಮಂಚದವರ ಫೋನು ಯಾವಾಗಲೂ ಒಂದೇ ಪ್ರಶ್ನೆಯಿಂದ ಶುರುವಾಗುತ್ತಿತ್ತು: "ಹಿಡಿದಿದ್ದೀರಾ, ಬಿಟ್ಟಿದ್ದೀರಾ?"

ಇಬ್ಬರೂ ಪ್ಯಾಡು ಕಟ್ಟಿಕೊಂಡೇ ಇರಬೇಕಾಯಿತು. ಅವರ ಊರಿನ ಮೆಡಿಕಲ್ ಶಾಪಿನವರು ಅವರ ತಂಗಿಯ ಗಂಡನಿಗೆ ಹತ್ತಿರದ ಸಂಬಂಧ. ಅಲ್ಲಿ ಕೊಂಡರೆ ಸಂಜೆಯೊಳಗೆ ತಂಗಿಯ ಮನೆಗೆ ಸುದ್ದಿ. ಹಾಗಾಗಿ ಆರ್.ಎಸ್. ಪುರದಲ್ಲಿ ನಾನೇ ಇಬ್ಬರಿಗೂ ಕೊಂಡು ಇಡುತ್ತಿದ್ದೆ. ಅವರು ಡಾಕ್ಟರ ಬಳಿಗೆಂದು ಬಂದಾಗ ನಮ್ಮ ಮನೆಗೆ ಬಂದು, ಕೊಬ್ಬರಿ ಎಣ್ಣೆಯ ಡಬ್ಬ ಇಳಿಸಿ, ಕಪ್ಪು ಕವರಿನ ಕಟ್ಟು ಎತ್ತಿಕೊಂಡು ಹೋಗುವರು. ಶಸ್ತ್ರಚಿಕಿತ್ಸೆಯಿಂದ ಗಂಡಹೆಂಡಿರ ನಡುವೆ ನಿಂತುಹೋದ ಇನ್ನೊಂದು ವಿಷಯದ ಬಗ್ಗೆ ನಾವು ಮಾತಾಡಿದ್ದು ಒಂದೇ ಸಲ. ಕಿಟಕಿಯ ಕಡೆ ನೋಡುತ್ತ, "ಮನೇಲಿ ಕಟ್ಟಿಲು ಬೇರೆ ಹಾಕ್ಸಿದೆ. ಅವಳು ಬೇಡಾ ಅಂದ್ಳು. ನಾನೇ ಹಾಕ್ಸಿದೆ," ಎಂದರು. ನಮ್ಮ ಮನೆಯಲ್ಲಿ ಮಂಚ ಒಂದೇ ಇತ್ತು. ಅದರಿಂದ ವ್ಯತ್ಯಾಸವೇನೂ ಆಗಿರಲಿಲ್ಲ. ಅದನ್ನು ಹೇಳಬೇಕೆನಿಸಿತು… ಹೇಳಿದೆನೋ ಇಲ್ಲವೋ.

ತಂಗಿ ಅವರಿಗಿಂತ ತುಂಬ ಚಿಕ್ಕವಳು. ತಾಯಿ ಬೇಗ ತೀರಿಕೊಂಡು ಅವರೇ ಬೆಳೆಸಿದ್ದು. ಮದುವೆಯಾಗಿ ಬಹಳ ವರ್ಷ ಮಕ್ಕಳಿಲ್ಲದೆ, ಆಸ್ಪತ್ರೆಗಳಿಗೆ ಅಲೆದು ಅಲೆದು, ಕೊನೆಗೊಂದು ಹೆಣ್ಣುಮಗು. ಅದಕ್ಕೆ ತಲೆಗೂದಲು ತೆಗೆಸಿ ಕಿವಿ ಚುಚ್ಚಿಸಬೇಕಿತ್ತು. ಆ ಕಡೆಯವರಲ್ಲಿ ಮಗುವಿನ ಸೋದರಮಾವ, ಅವರ ಮಾತಿನಲ್ಲಿ ತಾಯ್‌ಮಾಮ, ಹೊಸ ಬಿಳಿ ವೇಷ್ಟಿ ಉಟ್ಟು ಮನೆದೇವರ ಮುಂದೆ ನೆಲಕ್ಕೆ ಕೂರಬೇಕು. ಮಗುವನ್ನು ಅವನ ಮಡಿಲಲ್ಲೇ ಕೂರಿಸಿ ಕಿವಿ ಚುಚ್ಚಬೇಕು. ನಮ್ಮಲ್ಲೂ ಆ ಪದ್ಧತಿ ಇದೆ, ಆದರೆ ಮಾವ ಸಿಗದಿದ್ದರೆ ಯಾರಾದರೂ ಕೂರುತ್ತಾರೆ. ಅವರಲ್ಲಿ ಹಾಗಿಲ್ಲ. ಮಾವ ಬರಲಿಲ್ಲವೆಂದರೆ ಮಗುವಿನ ತಾಯಿಗೆ ತವರು ಇಲ್ಲ ಎಂದೇ ಲೆಕ್ಕ.

ಅವರು ಮುಂದೂಡುತ್ತ ಬಂದರು. ಹೊಲಿಗೆ ಇನ್ನೂ ಮಾಗಿಲ್ಲ ಎಂದರು, ಮಿಲ್ಲಿನ ಮೋಟಾರು ಕೆಟ್ಟಿದೆ ಎಂದರು. ತಂಗಿಯ ಗಂಡನ ಮನೆಯಲ್ಲಿ ಮಾತು ಶುರುವಾಯಿತು: ಅಣ್ಣನಿಗೆ ಸೀರು, ಅಂದರೆ ತವರಿನ ಉಡುಗೊರೆ, ತರಲು ಕೈ ಬಾರದು, ಅದಕ್ಕೇ ಈ ನೆಪ. ನಾನು ತಂಗಿಗೆ ಇದ್ದದ್ದನ್ನು ಹೇಳಿಬಿಡಿ ಎಂದೆ.

"ನಾನೇ ಎತ್ತಿ ವಳರ್ಸಿದೋಳಿಗೆ, ಜಡೆ ಹಾಕಿದೋಳಿಗೆ, ಇದನ್ನ ಹೇಳಾದಾ ವಾತ್ಯಾರೆ?"

ಹಾಗಾದರೆ ಕಡುಬಣ್ಣದ ಪ್ಯಾಂಟು ಹಾಕಿಕೊಂಡು ಕೂರಿ ಎಂದೆ. ನಾನು ಆಗಲೇ ಅದಕ್ಕೆ ಬದಲಾಗಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತಾಯ್‌ಮಾಮ ಪ್ಯಾಂಟ್ ಹಾಕ್ಕೊಂಡು ಕೂತ್ರೆ ಪಾಪಾಗೆ ಕಿವಿ ಚುಚ್ಚಾಕೆ ಬಂದವನಾ, ಬ್ಯಾಂಕ್ ಲೋನ್ ಕೊಡಾಕೆ ಬಂದವನಾ?"

ಕೊನೆಗೆ ದಿನ ಗೊತ್ತಾಯಿತು. ನನ್ನನ್ನೂ ಕರೆದರು. ಈ ಶಾಸ್ತ್ರಗಳಲ್ಲಿ ನನಗೆ ನಂಬಿಕೆಯಿಲ್ಲ, ಅವರಿಗೂ ಗೊತ್ತಿತ್ತು. ಗೊತ್ತಿರುವವನು ಒಬ್ಬನಾದರೂ ಅಲ್ಲಿರಲಿ ಎಂದು ಕರೆದಿದ್ದರು. ಹೋದೆ. ಊರ ಹೊರಗೆ ಬೇವಿನ ಮರಗಳ ಕೆಳಗಿನ ಸಣ್ಣ ಗುಡಿ. ಜನ ತುಂಬಿದ್ದರು. ನಾನು ಹಿಂದೆ, ಬೇಗ ಎದ್ದು ಹೋಗಲು ಆಗುವಂಥ ಕಡೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಅವರು ಬಂದು ಕಿವಿಯಲ್ಲಿ ಹೇಳಿದರು: ದಪ್ಪನೆಯ ಪ್ಯಾಡು ವೇಷ್ಟಿಯ ಮೇಲೆ ಎದ್ದು ಕಾಣುತ್ತದೆ, ತೆಳ್ಳನೆಯದು ಕಟ್ಟಿದ್ದೇನೆ. ಗಂಜಿಯ ವಾಸನೆ ಬಂತು. ವೇಷ್ಟಿ ಕಾಗದದಷ್ಟು ಗರಿಗರಿಯಾಗಿತ್ತು.

ಕೂತರು. ಗಂಧ ಬಳಿದ ಬೋಳುತಲೆಯ ಮಗುವನ್ನು ಮಡಿಲಿಗೆ ಕೊಟ್ಟರು. ಕಿವಿ ಚುಚ್ಚುವ ಆಚಾರಿ ಮುಂದೆ ಬಾಗಿದರು. ಮೊದಲ ಕಿವಿಗೇ ಮಗು ಬಿಲ್ಲಿನಂತೆ ಸೆಟೆದು, ಎರಡೂ ಕಾಲಿನಿಂದ ಅವರ ಕೆಳಹೊಟ್ಟೆಗೆ ಒದೆಯಿತು. ಅವರು ಬಿಗಿಯಾಗಿ ಹಿಡಿದುಕೊಂಡರು. ಎರಡನೆಯ ಕಿವಿ… ಅವರ ಮುಖ ನೋಡಿಯೇ ನನಗೆ ತಿಳಿಯಿತು. ಅದು ಬಿಟ್ಟುಹೋಗುವಾಗ ಮುಖ ಏನಾಗುತ್ತದೆ ಎಂಬುದು ಆ ಗುಂಪಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ತಂಗಿ ಮಗುವನ್ನು ಎತ್ತಿಕೊಂಡಳು. ವೇಷ್ಟಿಯ ಮೇಲೆ ಅಂಗೈಗಿಂತ ದೊಡ್ಡ ಒದ್ದೆ. ಎಲ್ಲರ ಕಣ್ಣೂ ಅಲ್ಲಿಗೇ ಹೋಯಿತು. ಆಮೇಲೆ ತಂಗಿ, "ಮಾಮನ ವೇಷ್ಟಿ ನೆನಸ್‌ಬುಟ್ಯಾ, ಕಳ್ಳಿ," ಎಂದಳು. ಗುಂಪು ನಕ್ಕಿತು. ಮಾಮನಿಗೆ ಎದುರು ಸೀರು ಸಿಕ್ಕಿತು ಎಂದು ಯಾರೋ ಕೂಗಿದರು. ಮಾವನ ಮಡಿಲಲ್ಲಿ ಉಚ್ಚೆ ಹೊಯ್ದರೆ ಒಳ್ಳೆಯದು, ಮಗು ಮಾವನ ಮನೆಗೇ ಸೇರುತ್ತದೆ ಎಂದರು ಒಬ್ಬ ಮುದುಕಿ. ಪಕ್ಕದ ಮಂಚದವರೂ ನಕ್ಕರು.

ಮಗುವನ್ನು ಎತ್ತುವಾಗ ತಂಗಿಯ ಕೈ ಅದರ ಚಡ್ಡಿಯ ಕೆಳಗೆ ಒಂದು ಗಳಿಗೆ ನಿಂತಿತು. ಚಡ್ಡಿ ಒಣಗಿಯೇ ಇತ್ತು. ಅದು ಅವಳ ಕೈಗೆ ತಿಳಿಯಿತು. ಅಣ್ಣನ ಮುಖ ನೋಡಿದಳು, ಆಮೇಲೆ ಎಲ್ಲರಿಗೂ ಕೇಳಿಸುವ ಹಾಗೆ ಆ ಮಾತು ಹೇಳಿದಳು. ನನ್ನ ನೆನಪು ಇರುವುದು ಹೀಗೆ.

ಕೆಲವು ದಿನಗಳ ಮೇಲೆ ಫೋನು ಬಂತು. ಈ ಸಲ ಹಿಡಿದಿದ್ದೀರಾ ಬಿಟ್ಟಿದ್ದೀರಾ ಎಂದು ಕೇಳಲಿಲ್ಲ.

"ಪಾಪಾನ ಎತ್ಕೊಂಡಾಗ ತಂಗಚ್ಚಿ ಕೈ ಎಲ್ಲಿಟ್ಳು, ನೀವು ನೋಡಿದ್ರಾ?"

ನೋಡಲಿಲ್ಲ ಎಂದೆ.

"ಸುಳ್ಳು ಹೇಳ್ಬೇಡಿ ವಾತ್ಯಾರೆ. ಅವಳಿಗೆ ತಿಳಿದೋಯ್ತು."

ತಿಳಿದಿಲ್ಲ ಎಂದು ಎಷ್ಟೋ ಹೇಳಿದೆ. ನಂಬಲಿಲ್ಲ. ಆಮೇಲೆ ಅವರು ತಂಗಿಯ ಮನೆಗೆ ಹೋಗಲಿಲ್ಲ. ಅವಳು ಮಗುವನ್ನು ಕರೆದುಕೊಂಡು ಬಂದರೆ ಕಣದ ಕಡೆಗೆ ಹೊರಟುಬಿಡುವರಂತೆ. ಅವರ ಹೆಂಡತಿ ನನ್ನ ಹೆಂಡತಿಗೆ ಹೇಳಿದ್ದು. ನಮ್ಮ ಮನೆಗೆ ಬರುವುದೂ ಕಡಿಮೆಯಾಯಿತು. ಕಪ್ಪು ಕವರಿನ ಕಟ್ಟನ್ನು ನಾನೇ ಬಸ್ಸಿನಲ್ಲಿ ಒಯ್ದು ಕೊಟ್ಟು ಬರುತ್ತಿದ್ದೆ. ಕೊಬ್ಬರಿಯ ಕಣದ ಬಿಸಿಲಿನಲ್ಲಿ ಲುಂಗಿ ಉಟ್ಟು ಕೂತಿರುವರು. ಕಡುನೀಲಿ ಲುಂಗಿ. ಬಿಳಿ ಉಟ್ಟದ್ದನ್ನು ನಾನು ಮತ್ತೆ ನೋಡಲಿಲ್ಲ. ರಕ್ತಪರೀಕ್ಷೆಯಲ್ಲಿ ಕ್ಯಾನ್ಸರಿನ ಗುರುತೂ ಇಲ್ಲ ಎಂದು ಡಾಕ್ಟರು ಇಬ್ಬರಿಗೂ ಕೈ ಕುಲುಕಿದ್ದರು. "ಎಲ್ಲಾ ಹೋಯ್ತಲ್ಲ," ಎಂದು ಅವರು ತಮಿಳಿನಲ್ಲೇ ಹೇಳಿದರು. ಡಾಕ್ಟರು ಅದನ್ನು ಸಂತೋಷದ ಮಾತು ಎಂದುಕೊಂಡರು.

ಒಂದು ಬೆಳಿಗ್ಗೆ, ಕಣದಲ್ಲೇ, ಹೃದಯ ನಿಂತು ಹೋದರು.

ಸಾವಿನ ಮನೆಗೆ ಹೋದಾಗ ತಂಗಿ ನನ್ನನ್ನು ಗುರುತಿಸಿ ಬೇವಿನ ನೆರಳಿಗೆ ಕರೆದಳು. ಮಗು ಸೆರಗು ಹಿಡಿದು ನಿಂತಿತ್ತು. ಕಿವಿಯಲ್ಲಿ ಅವರು ಕೊಟ್ಟ ಓಲೆ.

"ಅಣ್ಣನಿಗೆ ನಮ್ಮ ಮೇಲೆ ಏನು ಕೋಪ ಸಾರ್? ಕಿವಿ ಚುಚ್ಚಿದ ಮೇಲೆ ನಮ್ಮ ಮನೆ ಮೆಟ್ಟಲೇ ಇಲ್ಲ. ನಾವೇನು ತಪ್ಪು ಮಾಡಿದ್ವಿ?"

ಕೋಪ ಇರಲಿಲ್ಲ ಎಂದೆ.

"ಹಂಗಾದ್ರೆ ಯಾಕೆ ಬರಲಿಲ್ಲ?"

ಹೇಳಲು ಬಾಯಿ ತೆರೆದೆ. ಅವರು ಕೊನೆಯವರೆಗೆ ಬಚ್ಚಿಟ್ಟದ್ದನ್ನು, ಅವರನ್ನು ಒಳಗೆ ಮಲಗಿಸಿರುವಾಗ, ಅವರ ತಂಗಿಗೇ ಹೇಳುವುದು ಆಗಲಿಲ್ಲ. ಪ್ರಯಾಣ ಕಷ್ಟವಾಗುತ್ತಿತ್ತು ಎಂದೇನೋ ಅಂದೆ. ಅವಳ ಊರು ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಅವಳು ನನ್ನನ್ನು ನೋಡುತ್ತ ನಿಂತಳು. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ ಎಂದಾದರೆ, ಅವರು ಅಷ್ಟು ಕಾಲ ತಂಗಿಯಿಂದ ಅಡಗಿ ಕೂತದ್ದು ಏತಕ್ಕೆ? ಗೊತ್ತಿದ್ದೂ ಕೇಳಿದಳು ಎಂದಾದರೆ, ನನ್ನಿಂದ ಯಾವ ಮಾತು ಕೇಳಬೇಕೆಂದು ಕಾದಿದ್ದಳು?

ಈಚೆಗೆ ಅವಳು ಫೋನಿಗೆ ಒಂದು ವಿಡಿಯೋ ಕಳಿಸಿದಳು. ಆ ದಿನದ್ದು. ಮತ್ತೆ ಮತ್ತೆ ನೋಡಿದೆ. ಮಗುವನ್ನು ಎತ್ತುವ ಹೊತ್ತಿಗೆ ಕ್ಯಾಮೆರಾ ಅದರ ಅಳುವ ಮುಖದ ಮೇಲಿದೆ. ತಂಗಿಯ ಕೈ ಕಾಣುವುದಿಲ್ಲ. ಮಾಮನ ವೇಷ್ಟಿ ನೆನಸ್‌ಬುಟ್ಯಾ ಎಂದು ಮೊದಲು ಹೇಳುವ ಧ್ವನಿ ಒಬ್ಬ ಮುದುಕಿಯದು. ತಂಗಿ ಏನಾದರೂ ಹೇಳಿದಳೋ ಇಲ್ಲವೋ, ನಗುವಿನಲ್ಲಿ ಕೇಳಿಸುವುದಿಲ್ಲ. ನಾನು ಕೂತದ್ದು ಅಷ್ಟು ಹಿಂದೆ. ನಡುವೆ ಅಷ್ಟು ಜನ. ಆ ಕೈಯನ್ನು ನಾನು ಹೇಗೆ ನೋಡಿರಲು ಸಾಧ್ಯ? ಫೋನಿನಲ್ಲಿ ಅವರು ಕೇಳಿದಾಗ ನೋಡಲಿಲ್ಲ ಎಂದಿದ್ದೆನಲ್ಲ… ಅದೇ ನಿಜವಿರಬೇಕು. ಅವರು ಕೇಳಿದ ಮೇಲೆ, ಅವರ ಭಯವೇ ನನ್ನ ಕಣ್ಣಿಗೆ ಕೈಯಾಗಿ ಕಂಡಿರಬೇಕು. ಗೊತ್ತಿರುವವನೊಬ್ಬ ಇರಲಿ ಎಂದು ಕರೆಸಿಕೊಂಡರು. ನನಗೂ ಏನೂ ಗೊತ್ತಿಲ್ಲ.

ವಿಡಿಯೋದ ಜೊತೆ ಅವಳ ಧ್ವನಿಯೂ ಇತ್ತು. "ಅಣ್ಣನ ಮುಖ ನೋಡಿ ಸಾರ್, ಎಷ್ಟು ಸಂತೋಷ," ಎಂದಿದ್ದಳು. ಮುಖ ನೋಡಿದೆ. ನಗುತ್ತಿದ್ದಾರೆ. ಆಮೇಲೆ ಜನ ಊಟಕ್ಕೆ ಏಳುತ್ತಾರೆ, ಕ್ಯಾಮೆರಾ ಮಗುವಿನ ಹಿಂದೆ ಹೋಗುತ್ತದೆ. ಚಿತ್ರದ ಅಂಚಿನಲ್ಲಿ ಅವರು ಇನ್ನೂ ನೆಲದ ಮೇಲೆ ಕೂತೇ ಇದ್ದಾರೆ. ಎರಡೂ ಅಂಗೈಗಳನ್ನು ಅಗಲಿಸಿ ಮಡಿಲಿನ ಮೇಲಿಟ್ಟುಕೊಂಡಿದ್ದಾರೆ.

ಇಸ್ತ್ರಿಯವರು ನನ್ನ ಗಂಟು ಬಿಚ್ಚಿ, ಎಲ್ಲ ಕಪ್ಪು, ಕಡುನೀಲಿ ಪ್ಯಾಂಟುಗಳೇ ಎಂದು ನೋಡಿ, ಮದುವೆಗೆ ಉಡಲು ಒಂದು ವೇಷ್ಟಿಯೂ ಇಲ್ಲವೇ ಸಾರ್ ಎಂದು ಕೇಳಿದರು. ಇಲ್ಲ ಎಂದೆ. ಅಷ್ಟು ಹೊತ್ತು ನಿಂತದ್ದಕ್ಕೆ ಆಗಲೇ ಪ್ಯಾಡು ಒದ್ದೆಯಾಗಿತ್ತು. ಮನೆಯ ಕಡೆ ತಿರುಗಿದೆ. ತಂಗಿಗೆ ನಾನಿನ್ನೂ ಉತ್ತರ ಕಳಿಸಿಲ್ಲ.